ಅರಮನೆಗೆ ಎಡ ಯಾವುದು?

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಅರಮನೆ ಎಂದ ಕೂಡಲೇ ಓದುಗರು ದೊರೆಗಳ ಕಥೆಗೆ ಕಾಯುತ್ತಾರೆ. ಅದನ್ನು ಬರೆಯಲು ಇತಿಹಾಸ ಓದಿಕೊಂಡವರಿದ್ದಾರೆ. ಕಟ್ಟಡದ ವಿಷಯಕ್ಕೆ ಎಂಜಿನಿಯರುಗಳಿದ್ದಾರೆ. ಇಲ್ಲಿರುವುದು ಎರಡೂ ಅಲ್ಲ. ಅರಮನೆಯ ಕಲ್ಲುಗಳ ಬೆನ್ನಿಗೆ ಸಂಖ್ಯೆ ಬರೆಯುವ ಒಬ್ಬ ಹೆಂಗಸಿನ ಬಗ್ಗೆ ನಾಲ್ಕು ಮಾತು. ಅದೂ ಅವರ ಹಿಂದೆ ಹಿಂದೆ ಅಲೆದು, ಕೇಳಿದ್ದನ್ನೇ ಮತ್ತೆ ಕೇಳಿ, ತಲೆ ತಿಂದು ಬರೆದುಕೊಂಡದ್ದು. ಬರೆದದ್ದನ್ನು ಅವರಿಗೆ ಎರಡು ಸಲ ಓದಿ ತೋರಿಸಿಯೂ ಆಗಿದೆ. ಆದರೂ ಎಲ್ಲಾದರೂ ತಪ್ಪಿದ್ದರೆ ಅದು ಬರೆದ ಕೈಯದು, ಅವರದಲ್ಲ.

ಬೆಳಗಿನ ಐದೂವರೆ. ಕಾವಲುಗಾರ ಇನ್ನೂ ಆಕಳಿಸುತ್ತಲೇ ಗೇಟಿನ ಬೀಗ ತೆಗೆಯುತ್ತಾನೆ. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು ಇಟ್ಟುಕೊಂಡು ಒಳಗೆ ಬರುವ ಈ ಐವತ್ತೆಂಟರ ಹೆಂಗಸನ್ನು ಇಲ್ಲಿ ಎಲ್ಲರೂ ನಂಬರಕ್ಕ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಇರುವ ಹೆಸರನ್ನು ಕೂಗಿದರೆ ಅವರೇ ಹಿಂದೆ ತಿರುಗಿ ಯಾರನ್ನು ಕರೆದರು ಎಂದು ನೋಡುತ್ತಾರಂತೆ.

ಕಲ್ಲುಗಳನ್ನು ಇಟ್ಟಿರುವ ಅಂಗಳ ಒಂದು ಆಟದ ಮೈದಾನದಷ್ಟು ದೊಡ್ಡದು. ಸಾಲು ಸಾಲಾಗಿ ಮರದ ತುಂಡುಗಳ ಮೇಲೆ ಕೂತ ಕಲ್ಲುಗಳು, ಮೇಲೆ ಟಾರ್ಪಾಲು. ಅಕ್ಕ ಒಂದೊಂದೇ ಟಾರ್ಪಾಲು ಸರಿಸಿ, ಹಳೆ ಬಟ್ಟೆಯಿಂದ ಇಬ್ಬನಿ ಒರೆಸಿ, ಸಂಖ್ಯೆ ಅಳಿಸಿದೆಯೇ ನೋಡುತ್ತಾರೆ. ಮಸುಕಾಗಿದ್ದರೆ ಕುಂಚ ಅದ್ದಿ ಮತ್ತೆ ತೀಡುತ್ತಾರೆ. ಆರು ಮತ್ತು ಒಂಬತ್ತರ ಕೆಳಗೆ ತಪ್ಪದೆ ಒಂದು ಗೆರೆ ಎಳೆಯುತ್ತಾರೆ, ಕಲ್ಲು ಮಗುಚಿ ಬಿದ್ದರೂ ಮೋಸ ಹೋಗಬಾರದು ಎಂದು. ದಿನಕ್ಕೆ ಇನ್ನೂರು ಕಲ್ಲು ನೋಡುತ್ತಾರೆ, ಮಳೆಗಾಲದಲ್ಲಿ ಮುನ್ನೂರು. ಒಟ್ಟು ಕಲ್ಲು ನಾಲ್ಕು ಸಾವಿರದ ಮುನ್ನೂರ ಹದಿನಾರು.

ಈಚೆಗೆ ಮೂರು ವಾರದಿಂದ ಈ ದಿನಚರಿಗೆ ಒಂದು ಕೆಲಸ ಹೆಚ್ಚಾಗಿದೆ. ಮೊದಲ ಟಾರ್ಪಾಲು ಮುಟ್ಟುವ ಮುಂಚೆ ಅಕ್ಕ ಹೆಬ್ಬಾಗಿಲಿಗೆ ಹೋಗುತ್ತಾರೆ. ಹೊಸದಾಗಿ ಎದ್ದು ನಿಂತ ಕಮಾನಿನ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾರೆ.

‘ಇದೆಯಲ್ಲ, ಸಾಕು’ ಎಂದು ಹೇಳಿ ಕೆಲಸಕ್ಕೆ ಹೊರಡುತ್ತಾರೆ.

ಈ ಅರಮನೆಯನ್ನು ಸುಮಾರು ಆರುನೂರು ವರ್ಷಗಳ ಹಿಂದೆ ಒಬ್ಬ ಸಾಮಂತ ಕಟ್ಟಿಸಿದ. ನಲವತ್ತೊಂದು ಕೋಣೆ, ಎರಡು ಅಂಗಳ, ಸುರುಳಿ ಮೆಟ್ಟಿಲ ಒಂದು ಗೋಪುರ. ಅವನ ಮೊಮ್ಮಗನ ಕಾಲದಲ್ಲಿ ಬೆಂಕಿ ಬಿದ್ದು ಮೇಲಿನ ಅಂತಸ್ತು ಹೋಯಿತು. ವಂಶ ಮುಗಿದ ಮೇಲೆ ಕಟ್ಟಡ ಕಣಜವಾಯಿತು, ಸೆರೆಮನೆಯಾಯಿತು, ಶಾಲೆಯಾಯಿತು, ಕೊನೆಗೆ ಯಾರ ಲೆಕ್ಕಕ್ಕೂ ಬಾರದ ಸಾಮಾನುಗಳ ಉಗ್ರಾಣವಾಯಿತು. ಬಂದವರೆಲ್ಲ ತಮಗೆ ಬೇಕಾದ ಹಾಗೆ ಬಾಗಿಲು ಒಡೆದರು, ಕಿಟಕಿ ಮುಚ್ಚಿದರು. ಪಕ್ಕದ ಹೊಳೆ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿದು ಪೂರ್ವದ ಭಾಗದ ತಳಪಾಯ ಕುಸಿಯತೊಡಗಿದಾಗ ಹೆಬ್ಬಾಗಿಲು ಕುಡಿದವನ ಹಾಗೆ ವಾಲಿಕೊಂಡು ನಿಂತಿತ್ತು. ಆಗ ಆದ ತೀರ್ಮಾನ ಇದು: ಆ ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹೊಸ ತಳಪಾಯ ಹಾಕಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸುವುದು.

ಅದೇ ಕಲ್ಲು, ಅದೇ ಜಾಗ. ಹೇಳುವುದಕ್ಕೆ ನಾಲ್ಕು ಮಾತು. ಯಾವ ಕಲ್ಲಿಗೆ ಯಾವ ಜಾಗ ಎಂದು ನೆನಪಿಡುವವರು ಯಾರು?

ನಂಬರಕ್ಕ ಇಲ್ಲಿಗೆ ಬಂದದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ಕಸ ಹೊರುವ ಕೆಲಸಕ್ಕೆ. ಅಂಕಿ, ಅಕ್ಷರ ಕಲಿತದ್ದು ಅದಾದ ಮೇಲೆ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಸಂಜೆ ತರಗತಿಯಲ್ಲಿ. ‘ಮಗಳು ಹೈಸ್ಕೂಲು, ನಾನು ಒಂದನೇ ಕ್ಲಾಸು. ಅವಳೇ ನನ್ನ ಹೋಮ್‌ವರ್ಕ್ ತಿದ್ದೋಳು. ಮೇಷ್ಟ್ರಿಗಿಂತ ಜೋರು, ಕಿವಿ ಹಿಂಡೋದೊಂದು ಬಾಕಿ’ ಎಂದು ನಗುತ್ತಾರೆ. ಒಂದು ದಿನ ಬುತ್ತಿಯ ಹೊತ್ತಿನಲ್ಲಿ ಒಡೆದ ಹೆಂಚಿನ ಮೇಲೆ ಸುಣ್ಣದಿಂದ ಅಂಕಿ ತಿದ್ದುತ್ತಾ ಕೂತಿದ್ದನ್ನು ಆಗಿನ ಎಂಜಿನಿಯರು ಕಂಡರು. ಅಚ್ಚು ಹಾಕಿದಂಥ ಅಂಕಿ. ಮಾರನೆಯ ದಿನದಿಂದ ಅಕ್ಕನ ಕೈಗೆ ಬುಟ್ಟಿಯ ಬದಲು ಕುಂಚ ಬಂತು.

ಕೆಲಸ ನಡೆಯುವುದು ಹೀಗೆ. ಕಲ್ಲು ಗೋಡೆಯಲ್ಲಿ ಇರುವಾಗಲೇ ಅದರ ಮುಖದ ಮೇಲೆ ಸುಣ್ಣದ ನೀರಿನಲ್ಲಿ ಗುರುತು. ಕೆಳಗೆ ಇಳಿದ ಕೂಡಲೇ ಅದೇ ಗುರುತು ಬೆನ್ನಿನ ಮೇಲೆ ಕೆಂಪು ಬಣ್ಣದಲ್ಲಿ; ಮುಖ ತೊಳೆದು ಸ್ವಚ್ಛ. ಎಡಗಡೆಯಾದರೆ ‘ಎ’, ಬಲಗಡೆಯಾದರೆ ‘ಬ’, ಆಮೇಲೆ ಕೆಳಗಿನಿಂದ ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೆಯದು. ಅದನ್ನೆಲ್ಲ ನೋಟ್‌ಬುಕ್ಕಿಗೂ ಏರಿಸಬೇಕು. ಅಂಥ ಇಪ್ಪತ್ತಮೂರು ನೋಟ್‌ಬುಕ್ಕುಗಳು ಅಕ್ಕನ ಮನೆಯ ಕಬ್ಬಿಣದ ಟ್ರಂಕಿನಲ್ಲಿವೆ. ಒಮ್ಮೆ ಇದ್ದಕ್ಕಿದ್ದಂತೆ ಮಳೆ ಸುರಿದು ನೂರಹನ್ನೆರಡು ಕಲ್ಲುಗಳ ಸುಣ್ಣದ ಗುರುತು ತೊಳೆದುಹೋದಾಗ, ನೋಟ್‌ಬುಕ್ಕು ನೋಡಿ ಎರಡು ದಿನದಲ್ಲಿ ಎಲ್ಲವನ್ನೂ ಮತ್ತೆ ಬರೆದವರು ಇವರೇ. ಸುಣ್ಣ ತಿಂದು ಬೆರಳ ತುದಿಗಳು ಬಿರಿದಿವೆ. ಮೊಣಕಾಲು ಕುಕ್ಕರಗಾಲಲ್ಲಿ ಕೂರಲು ಒಪ್ಪುವುದಿಲ್ಲ. ಅದಕ್ಕೆಂದೇ ಒಂದು ಗಿಡ್ಡ ಮಣೆ ಜೊತೆಗೆ ಓಡಾಡುತ್ತದೆ.

ಅರಮನೆಯ ಇತಿಹಾಸ ಕೇಳಿದರೆ ಅಕ್ಕ ದೊರೆಯಿಂದ ಶುರು ಮಾಡುವುದಿಲ್ಲ. ‘ಅಡುಗೆಮನೆ ಕಲ್ಲು ಮುಟ್ಟಿ ನೋಡಿ, ಇವತ್ತಿಗೂ ಕೈಗೆ ಮಸಿ ಹತ್ತುತ್ತೆ. ಗೋಪುರದ ಮೆಟ್ಟಿಲು ನೋಡಿ, ಗೋಡೆ ಪಕ್ಕ ಮಾತ್ರ ಸವೆದಿದೆ. ಬೀಳ್ತೀವಿ ಅಂತ ಎಲ್ಲ ಗೋಡೆ ಹಿಡ್ಕೊಂಡೇ ಹತ್ತಿದ್ದಾರೆ. ಸಾಮಂತ ಆದ್ರೇನು, ಅವನಿಗೂ ಕಾಲು ಜಾರುತ್ತೆ’ ಎನ್ನುತ್ತಾರೆ.

ಇಷ್ಟು ಗಟ್ಟಿ ಮಾತಾಡುವ ಈ ಹೆಂಗಸು ಮೂರು ವಾರಗಳ ಹಿಂದೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದು ಸೋಮವಾರ. ಹೆಬ್ಬಾಗಿಲಿನ ಕಮಾನಿನ ಕಲ್ಲುಗಳನ್ನು ಗಾರೆ ಹಾಕದೆ, ಮರದ ಆಸರೆಯ ಮೇಲೆ ಸುಮ್ಮನೆ ಜೋಡಿಸಿ ನೋಡುವ ದಿನ. ಎಡಕ್ಕೆ ಹನ್ನೊಂದು ಕಲ್ಲು, ಬಲಕ್ಕೆ ಹನ್ನೊಂದು, ನಡುನೆತ್ತಿಯಲ್ಲಿ ಬೀಗದ ಹಾಗೆ ಕೂತು ಎಲ್ಲವನ್ನೂ ಹಿಡಿದಿಡುವ ನೆತ್ತಿಗಲ್ಲು ಒಂದು. ಮೇಸ್ತ್ರಿ ಹೊರಗಡೆಯ ಅಟ್ಟಣೆಯ ಮೇಲೆ ನಿಂತು, ಅಕ್ಕ ಬರೆದ ಸಂಖ್ಯೆ ಓದಿಕೊಂಡೇ ಒಂದೊಂದು ಕಲ್ಲನ್ನೂ ಏರಿಸಿಕೊಂಡರು. ಇಪ್ಪತ್ತೆರಡೂ ಕೂತವು, ಆದರೆ ಮುನಿಸಿಕೊಂಡವರ ಹಾಗೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣ ಸಣ್ಣ ಸಂದು. ಕೊನೆಗೆ ನೆತ್ತಿಗಲ್ಲು ಬಂದಾಗ ಅದಕ್ಕೆ ಜಾಗವೇ ಸಾಲಲಿಲ್ಲ. ಎರಡು ಬೆರಳು ಕಡಿಮೆ.

‘ಅಕ್ಕಾ, ನಂಬರು ಸರಿಯಾಗಿ ಬರೆದಿದ್ದೀಯಾ ತಾನೇ?’ ಎಂದು ಮೇಸ್ತ್ರಿ ಮೇಲಿನಿಂದ ಕೂಗಿದರು.

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅಕ್ಕನಿಗೆ ಯಾರೂ ಕೇಳಿರಲಿಲ್ಲ.

ಗುರುವಾರ ಕಟ್ಟಡ ಸಮಿತಿಯವರು ಬರುವವರಿದ್ದರು. ಕಲ್ಲಿನ ಕಮಾನಿಗೆ ಬದಲು ಕಾಂಕ್ರೀಟು ಸುರಿದು ಮೇಲೆ ತೆಳು ಕಲ್ಲಿನ ಹಲಗೆ ಅಂಟಿಸಿದರೆ ಬೇಗ ಮುಗಿಯುತ್ತದೆ ಎಂದು ಸಮಿತಿಯಲ್ಲಿ ಒಬ್ಬರು ಮೊದಲಿನಿಂದಲೂ ಹೇಳುತ್ತಿದ್ದರು. ಈಗಿನ ಎಂಜಿನಿಯರು ಅಕ್ಕನ ಮಗಳ ವಯಸ್ಸಿನ ಹೆಣ್ಣುಮಗಳು. ಎಲ್ಲರೂ ಮೇಡಂ ಎನ್ನುತ್ತಾರೆ. ಅವರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು: ‘ಅಕ್ಕ, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಯಾಕೆ ಕೂರ್ತಿಲ್ಲ ಅನ್ನೋದಕ್ಕೆ ಗುರುವಾರದೊಳಗೆ ಉತ್ತರ ಬೇಕು. ಈ ಇಪ್ಪತ್ತಮೂರು ಕಲ್ಲಿನ ಗುರುತೇ ತಪ್ಪು ಅಂತಾದ್ರೆ, ಮಿಕ್ಕ ನಾಲ್ಕು ಸಾವಿರದ ಗುರುತನ್ನ ಅವರು ಹೇಗೆ ನಂಬ್ತಾರೆ?’

ನಂಬದಿದ್ದರೆ ಕಲ್ಲುಗಳು ಅಂಗಳದಲ್ಲೇ ಉಳಿಯುತ್ತವೆ. ಎದ್ದು ನಿಲ್ಲುವುದು ಅರಮನೆಯ ವೇಷ ಹಾಕಿದ ಕಾಂಕ್ರೀಟು.

ಸೋಮವಾರ, ಮಂಗಳವಾರ ಎರಡೂ ದಿನ ಅಕ್ಕ ನೋಟ್‌ಬುಕ್ಕನ್ನೂ ಕಲ್ಲನ್ನೂ ತಾಳೆ ನೋಡಿದರು. ಎಲ್ಲೂ ಒಂದು ಅಂಕಿ ಆಚೀಚೆ ಇರಲಿಲ್ಲ. ಬಿಚ್ಚಿದ್ದು ಆರು ವರ್ಷದ ಹಿಂದೆ. ಹೊಸ ತಳಪಾಯಕ್ಕೇ ನಾಲ್ಕು ವರ್ಷ ಹಿಡಿದಿತ್ತು. ಆಗಿನ ಎಂಜಿನಿಯರು ಬೇರೆ ಊರಿಗೆ ಹೋಗಿದ್ದರು, ನಕ್ಷೆಯಲ್ಲಿ ಇದ್ದದ್ದು ಎಡ, ಬಲ ಎಂಬ ಎರಡೇ ಮಾತು. ಮಂಗಳವಾರ ಸಂಜೆ ಮೇಸ್ತ್ರಿ ಅಕ್ಕನನ್ನು ಪಕ್ಕಕ್ಕೆ ಕರೆದರು.

‘ನೋಡಕ್ಕಾ, ನಾಳೆ ಬೆಳಗ್ಗೆ ನೆತ್ತಿಗಲ್ಲಿನ ಪಕ್ಕ ಎರಡು ಬೆರಳು ಕೆತ್ತಿಬಿಡ್ತೀನಿ. ಸೀದಾ ಕೂರುತ್ತೆ. ಸಮಿತಿಯವರು ಕೆಳಗೆ ನಿಂತು ನೋಡ್ತಾರೆ, ಅವರಿಗೇನು ಕಾಣುತ್ತೆ?’

‘ಆರುನೂರು ವರ್ಷದ ಕಲ್ಲು ಮೇಸ್ತ್ರಿ ಅದು.’

‘ನಿನ್ನ ಮರ್ಯಾದೆ ಉಳಿಸೋಕೇ ಹೇಳ್ತಿರೋದು ನಾನು. ಮೇಡಂಗೆ ಹೇಳ್ಬೇಡ, ಅಷ್ಟೇ.’

ಆಗಲೇ ಅವರು ನೆತ್ತಿಗಲ್ಲಿನ ಪಕ್ಕಕ್ಕೆ ಬಳಪದಲ್ಲಿ ಗೆರೆ ಎಳೆದಿದ್ದರು. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅದೇ ಇವತ್ತಿಗೂ ಅವರನ್ನು ಚುಚ್ಚುತ್ತದೆ. ‘ಬೇಡ ಅಂತ ಆಗ್ಲೇ ಅನ್ನಬಹುದಿತ್ತು. ನಾಲಿಗೆ ಏಳಲಿಲ್ಲ. ಒಳಗೊಳಗೇ, ಹಂಗಾದ್ರೂ ಬಚಾವಾದ್ರೆ ಸಾಕು ಅನ್ನಿಸ್ತಲ್ಲ, ಅದನ್ನ ಬರೀರಿ. ಬಿಡಬೇಡಿ’ ಎಂದು ಅವರೇ ಒತ್ತಾಯ ಮಾಡಿದ್ದರಿಂದ ಅದೂ ಇಲ್ಲಿದೆ.

ಅಕ್ಕನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಿಗೆ ಅರೆಬರೆ ಅಂಗಿಗಳು. ಬುಧವಾರ ಬೆಳಗ್ಗೆ ಕೆಲಸಕ್ಕೆ ಹೊರಡಲು ತಡ ಮಾಡಿದ ಅಕ್ಕ ಚಹಾ ಕೊಡಲು ಹೋದಾಗ ಗಂಡ ಒಂದು ಕೋಟಿಗೆ ತೋಳು ಸೇರಿಸುತ್ತಿದ್ದರು. ಅಕ್ಕನಿಗೆ ಮೂರು ದಿನದಿಂದ ಎಲ್ಲೆಲ್ಲೂ ತಪ್ಪೇ ಕಾಣುತ್ತಿತ್ತು.

‘ರೀ, ಅದು ಎಡಗೈ ತೋಳಲ್ವಾ? ಬಲಗಡೆಗೆ ಹಾಕ್ತಿದ್ದೀರಲ್ಲ!’

ಗಂಡ ಬಾಯಲ್ಲಿದ್ದ ಸೂಜಿ ತೆಗೆದು ನಕ್ಕರು. ‘ಮೂವತ್ತೈದು ವರ್ಷ ದರ್ಜಿ ಜೊತೆ ಸಂಸಾರ ಮಾಡಿ ಇಷ್ಟೇನೇ ಕಲ್ತಿದ್ದು? ಕೋಟು ತಿರುವಿ ಹಾಕಿದೆ ಕಣೇ. ಒಳಗು ಹೊರಗಾಯ್ತು ಅಂದ್ರೆ ಎಡ ಬಲ ಅದಲುಬದಲು. ಎಡ ಅಂದ್ರೆ ಮೊದಲು ಯಾರ ಎಡ ಅಂತ ಕೇಳ್ಬೇಕು. ಹಾಕ್ಕೊಳ್ಳೋನ ಎಡ ಬೇರೆ, ಎದುರಿಗೆ ನಿಂತು ನೋಡೋನ ಎಡ ಬೇರೆ.’

ಅಕ್ಕ ಚಹಾದ ಲೋಟವನ್ನು ಕೋಟಿನ ಮೇಲೆಯೇ ಇಟ್ಟುಬಿಟ್ಟರು. ‘ಅಯ್ಯೋ ಗಿರಾಕಿ ಕೋಟು!’ ಎಂದು ಗಂಡ ಕೂಗುವಷ್ಟರಲ್ಲಿ ಅವರು ಟ್ರಂಕಿನ ಮುಂದೆ ಕೂತು ಹದಿನಾಲ್ಕನೇ ನೋಟ್‌ಬುಕ್ಕು ಹುಡುಕುತ್ತಿದ್ದರು.

ಹೆಬ್ಬಾಗಿಲು ಪೂರ್ವಕ್ಕೆ ಮುಖ ಮಾಡಿದೆ. ಎಲ್ಲ ಗೋಡೆಗಳಿಗೂ ಬೀದಿಯ ಕಡೆಯಿಂದ, ಅಂದರೆ ಹೊರಗೆ ನಿಂತು ಸಂಖ್ಯೆ ಬರೆಯುವುದು ರೂಢಿ. ಆದರೆ ಆರು ವರ್ಷದ ಹಿಂದೆ ವಾಲಿದ್ದ ಕಮಾನಿಗೆ ಹೊರಗಡೆಯಿಂದ ದಪ್ಪ ತೊಲೆಗಳ ಆಸರೆ ಕೊಟ್ಟಿದ್ದರು. ಅಲ್ಲಿ ನಿಲ್ಲಲು ಜಾಗವಿತ್ತೇ? ತಾನು ಎಲ್ಲಿ ನಿಂತಿದ್ದೆ? ನೋಟ್‌ಬುಕ್ಕಿನ ಆ ಪುಟದಲ್ಲಿ, ಅಂಕಿಗಳ ಕೆಳಗೆ, ಅಕ್ಕನದೇ ಕೈಬರಹದ ಒಂದು ಸಾಲಿತ್ತು: ‘ಬೆಳಗ್ಗೆ ಕಮಾನಿನೊಳಗಿಂದ ಕಣ್ಣಿಗೆ ಬಿಸಿಲು. ಹನ್ನೊಂದರ ಮೇಲೆ ಬರೆದೆ.’

ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯಬೇಕಾದರೆ ಪೂರ್ವಕ್ಕೆ ಮುಖ ಮಾಡಿ ನಿಂತಿರಬೇಕು. ಅಂದರೆ ಒಳಗೆ, ಅಂಗಳದಲ್ಲಿ. ಅಕ್ಕ ಬರೆದ ಎಡ ಒಳಗೆ ನಿಂತವರ ಎಡ. ಮೇಸ್ತ್ರಿ ಓದಿದ್ದು ಹೊರಗೆ ನಿಂತು. ಈ ಕಡೆಯ ಹನ್ನೊಂದು ಕಲ್ಲು ಆ ಕಡೆಗೆ, ಆ ಕಡೆಯ ಹನ್ನೊಂದು ಈ ಕಡೆಗೆ ಹೋಗಿದ್ದವು, ಬಲಗಾಲಿನ ಚಪ್ಪಲಿ ಎಡಗಾಲಿಗೆ ಮೆಟ್ಟಿದ ಹಾಗೆ. ನೋಡಲು ಎರಡು ಕಡೆಯವೂ ಒಂದೇ ಥರ. ಆದರೆ ಕೈಯಲ್ಲಿ ಕಡೆದ ಕಲ್ಲು. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಎಂದು ಜೊತೆ ಮಾಡಿ ಕಡೆದದ್ದು.

ಮೊಣಕಾಲು ನೋವಿನ ಹೆಂಗಸು ಅವತ್ತು ಓಡಿದರು. ಬುತ್ತಿ ಮನೆಯಲ್ಲೇ ಉಳಿಯಿತು. ಹೆಬ್ಬಾಗಿಲ ಹತ್ತಿರ ಮೇಸ್ತ್ರಿ ಆಗಲೇ ಉಳಿ ಸುತ್ತಿಗೆ ಹಿಡಿದು ನೆತ್ತಿಗಲ್ಲಿನ ಮುಂದೆ ಕೂತಿದ್ದರು.

‘ಕೈ ತೆಗಿ ಮೇಸ್ತ್ರಿ! ಕಲ್ಲು ಮುಟ್ಬೇಡ! ತಪ್ಪು ನಂದು!’

ಅಷ್ಟರಲ್ಲಿ ಮೇಡಂ ಬಂದರು. ಅಕ್ಕ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದರು. ಬಳಪದ ಗೆರೆಯ ವಿಷಯದಲ್ಲಿ ತಾನು ಸುಮ್ಮನಿದ್ದದ್ದನ್ನೂ ಸೇರಿಸಿಯೇ. ಮೇಡಂ ನೋಟ್‌ಬುಕ್ಕಿನಲ್ಲಿದ್ದ ಬಿಸಿಲಿನ ಸಾಲನ್ನು ಎರಡು ಸಲ ಓದಿದರು. ಒಳಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತರು. ಬಿಸಿಲು ನೇರ ಮುಖಕ್ಕೆ ಬಿತ್ತು. ಅವರು ಕಣ್ಣು ಕಿರಿದು ಮಾಡಿಕೊಂಡು ನಗತೊಡಗಿದರು.

‘ಬಿಚ್ರಿ ಮೇಸ್ತ್ರಿ. ಎಲ್ಲಾ ಬಿಚ್ಚಿ, ಅದಲುಬದಲು ಮಾಡಿ.’

ದಿನವಿಡೀ ಸರಪಳಿ ರಾಟೆ ಕಿರುಗುಟ್ಟಿತು. ಈ ಸಲ ಒಂದೊಂದು ಕಲ್ಲೂ ತವರಿಗೆ ಬಂದ ಮಗಳ ಹಾಗೆ ಸಲೀಸಾಗಿ ಕೂರುತ್ತಾ ಹೋಯಿತು. ಸಂಜೆ ನಾಲ್ಕರ ಸುಮಾರಿಗೆ ನೆತ್ತಿಗಲ್ಲು ಇಳಿಯಿತು. ಟಕ್ ಎಂದು ಒಂದೇ ಸದ್ದು. ಮೇಸ್ತ್ರಿ ಜೇಬಿನಿಂದ ಬಸ್ ಟಿಕೆಟ್ಟು ತೆಗೆದು ಸಂದಿನಲ್ಲಿ ತೂರಿಸಲು ನೋಡಿದರು. ಹೋಗಲಿಲ್ಲ. ಮೇಡಂ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಧೊಪ್ಪನೆ ಕೂತರು. ಅಕ್ಕ ಗೋಡೆಗೆ ಒರಗಿ, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಎಲ್ಲ ಹತ್ತಿರ ಹೋದರೆ, ‘ಹಸಿವಾಗ್ತಿದೆ ಕಣ್ರೋ, ಬೆಳಗ್ಗಿಂದ ಏನೂ ತಿಂದಿಲ್ಲ’ ಎಂದರು. ಮೇಸ್ತ್ರಿ ತಮ್ಮ ಬುತ್ತಿಯನ್ನೇ ತಂದು ಮುಂದಿಟ್ಟರು. ಮೂರು ದಿನದ ಮೇಲೆ ಅಕ್ಕ ಹೊಟ್ಟೆ ತುಂಬ ಉಂಡರು.

ಮೇಸ್ತ್ರಿ ಎಳೆದಿದ್ದ ಬಳಪದ ಗೆರೆಯನ್ನು ಅಳಿಸಲು ಯಾರಿಗೂ ನೆನಪಾಗಲಿಲ್ಲ. ಈಗ ಅದು ಕಮಾನಿನೊಳಗೆ, ಎರಡು ಕಲ್ಲುಗಳ ನಡುವೆ ಇದೆ. ‘ಇರ್ಲಿ ಬಿಡು. ಇನ್ನು ಆರುನೂರು ವರ್ಷ ಆದ್ಮೇಲೆ ಯಾರಾದ್ರೂ ಬಿಚ್ಚಿ, ಇದ್ಯಾವ ದಡ್ಡ ಎಳೆದ ಗೆರೆ ಅಂತ ಬೈಕೊಳ್ಲಿ’ ಎನ್ನುತ್ತಾರೆ ಮೇಸ್ತ್ರಿ.

ಗುರುವಾರ ಸಮಿತಿಯವರು ಬಂದರು. ಮೇಡಂ ತಪ್ಪನ್ನೂ ಅದು ಸಿಕ್ಕಿದ ಬಗೆಯನ್ನೂ ಬಿಡಿಸಿ ಹೇಳಿದರು. ಕಾಂಕ್ರೀಟಿನವರು ಕಮಾನನ್ನು ತುಸು ಹೊತ್ತು ನೋಡಿ, ಇಲ್ಲಿ ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಲ್ಲಿಗೆ ಕಾಂಕ್ರೀಟಿನ ಮಾತು ಮುಗಿಯಿತು.

ಮುಗಿಯದಿದ್ದದ್ದು ಅಕ್ಕನ ಕೆಲಸ. ಮಿಕ್ಕ ಕಲ್ಲುಗಳಲ್ಲಿ ಒಳಗೆ ನಿಂತು ಬರೆದವು ಎಷ್ಟು? ಇಪ್ಪತ್ತಮೂರು ನೋಟ್‌ಬುಕ್ಕುಗಳನ್ನೂ ಸಾಲು ಸಾಲಾಗಿ ಓದಿದರು. ಬಿಸಿಲು, ನೆರಳು, ‘ಬೀದಿ ಧೂಳು’, ‘ಬಾವಿಕಟ್ಟೆ ಮೇಲೆ ಮಣೆ ಹಾಕಿದೆ’. ತಾನು ಸುಮ್ಮನೆ ಬರೆದುಕೊಂಡಿದ್ದ ಇಂಥ ಮಾತುಗಳಿಂದಲೇ ಎಲ್ಲಿ ನಿಂತಿದ್ದೆ ಎಂಬುದನ್ನು ಪತ್ತೆ ಹಚ್ಚಿದರು. ಒಳಗೆ ನಿಂತು ಬರೆದ ಕಲ್ಲುಗಳು ನಾನ್ನೂರ ಹದಿನೆಂಟು. ಒಂಬತ್ತು ದಿನ ಕೂತು ಅವಕ್ಕೆಲ್ಲ ‘ಒ’ ಎಂದು ಸೇರಿಸಿದರು, ಒಳಗಿನಿಂದ ಎಂಬುದಕ್ಕೆ. ಮಿಕ್ಕವಕ್ಕೆ ‘ಹೊ’ ಸೇರಿಸುವ ಕೆಲಸ ಈಗ ನಡೆಯುತ್ತಿದೆ. ಕೆಲಸದ ಜಾಗದಲ್ಲಿ ಈಗ ಇದೇ ತಮಾಷೆ. ಎಡಗಡೆಯ ಬಕೆಟ್ಟು ಕೊಡು ಎಂದರೆ, ‘ಯಾರ ಎಡ? ನಿಂದೋ, ಅಕ್ಕಂದೋ, ಅರಮನೇದೋ?’ ಎಂಬ ಉತ್ತರ ಬರುತ್ತದೆ. ಅಕ್ಕನೂ ಜೊತೆಗೆ ನಗುತ್ತಾರೆ. ಗಂಡನಂತೂ, ‘ಅರಮನೆ ಕಟ್ಟಿದ್ದು ನಾನೇ, ಗುಂಡಿ ಹಚ್ಚೋದೊಂದು ಬಾಕಿ’ ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಏನಾಸೆ ಅಕ್ಕ ಎಂದು ಕೇಳಿದರೆ ಅವರು ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಡುತ್ತಾರೆ. ‘ಅಟ್ಟಣೆ ಎಲ್ಲ ತೆಗೆದ ದಿನ ಒಂದ್ಸಲ ಹೊರಗಿಂದ ಒಳಗೆ ಹೋಗ್ಬೇಕು. ಒಂದ್ಸಲ ಒಳಗಿಂದ ಹೊರಗೆ ಬರ್ಬೇಕು. ಎರಡೂ ಕಡೆಯಿಂದ ನೋಡ್ಬೇಕು. ಅಷ್ಟೇ, ಇನ್ನೇನು?’

ಹೇಳಲು ಬಾಕಿ ಉಳಿದಿರುವುದು ಒಂದು ವಿಷಯ. ಬುಧವಾರ ಕಲ್ಲುಗಳನ್ನು ಬಿಚ್ಚುವಾಗ, ಯಾರ ಕಣ್ಣಿಗೂ ಬೀಳದ ತಳಭಾಗದಲ್ಲಿ ಉಳಿಯಿಂದ ಹಾಕಿದ ಗೀರುಗಳನ್ನು ಅಕ್ಕ ಕಂಡರು. ಒಂದು ಕಡೆಯ ಹನ್ನೊಂದಕ್ಕೂ ಒಂದೊಂದು ಗೀರು, ಇನ್ನೊಂದು ಕಡೆಯವಕ್ಕೆ ಎರಡೆರಡು. ಆರುನೂರು ವರ್ಷದ ಹಿಂದಿನ ಕಲ್ಲುಕುಟಿಗನ ಗುರುತು ಎಂದರು ಮೇಡಂ. ಎರಡು ಗೀರಿನ ಕಡೆಯ ನಾಲ್ಕನೆಯ ಕಲ್ಲಿನಲ್ಲಿ ಮೊದಲು ಒಂದೇ ಗೀರು ಹಾಕಿ, ಅದನ್ನು ಅಡ್ಡಲಾಗಿ ಹೊಡೆದು, ಪಕ್ಕದಲ್ಲಿ ಎರಡು ಹಾಕಿತ್ತು. ಅಕ್ಕ ಆ ಹೊಡೆದ ಗೀರಿನ ಮೇಲೆ ಬೆರಳಾಡಿಸಿ, ‘ನೋಡಪ್ಪಾ, ನಿನಗೂ ಹಿಂಗೇ ಆಗಿತ್ತಾ!’ ಎಂದು ಮೂರು ದಿನದಲ್ಲಿ ಮೊದಲ ಸಲ ನಕ್ಕಿದ್ದರು.

ಒಂದು ಗೀರು ಎಂದರೆ ಎಡವೋ, ಬಲವೋ ಗೊತ್ತಿಲ್ಲ. ಒಳಗಿನಿಂದ ನೋಡಿದರೆ ಒಂದು ಗೀರಿನ ಕಲ್ಲುಗಳು ಎಡಕ್ಕಿವೆ, ಬೀದಿಯಿಂದ ನೋಡಿದರೆ ಬಲಕ್ಕೆ. ಅವನು ಗುರುತು ಹಾಕುವಾಗ ಎಲ್ಲಿ ನಿಂತಿದ್ದ, ಯಾರ ಎಡವನ್ನು ಎಡ ಎಂದುಕೊಂಡಿದ್ದ, ತನ್ನ ತಪ್ಪನ್ನು ಅವನಿಗೆ ತೋರಿಸಿಕೊಟ್ಟವರು ಯಾರು, ಇದು ಅಕ್ಕನಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಇದನ್ನು ಬರೆದವರಿಗಂತೂ ಗೊತ್ತೇ ಇಲ್ಲ.